ಎರಡನೇ ದರ್ಜೆಯ ಸ್ಟ್ಯಾಂಪು

ಕೆಂಪು ಸೋಪಿನ ವಾಸನೆ ಎಡ್ನಾಳ ಬಾಲ್ಯದ ಶನಿವಾರಗಳದು. ಅಮ್ಮ ತಗಡಿನ ತೊಟ್ಟಿಯನ್ನು ಒಲೆಯ ಮುಂದಕ್ಕೆಳೆದು ಐವರು ಮಕ್ಕಳನ್ನೂ ಸರದಿಯಲ್ಲಿ ತಿಕ್ಕುತ್ತಿದ್ದಳು. ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಎಪ್ಪತ್ತಾರರ ಎಡ್ನಾಗೆ ಈಗ ಸ್ನಾನಕ್ಕೂ ಅಪ್ಪಣೆ ಬೇಕಾಗಿತ್ತು.

ಗಂಡ ವಿಲ್ಫ್ ಸೊಂಟದ ಕೀಲು ಬದಲಾಯಿಸಿಕೊಂಡು ಶುಕ್ರವಾರ ಆಸ್ಪತ್ರೆಯಿಂದ ಬರುವವನಿದ್ದ. ಎತ್ತರದ ಸ್ನಾನದ ತೊಟ್ಟಿಯೊಳಗೆ ಕಾಲೆತ್ತಿಡುವುದು ಇನ್ನು ಅವನಿಂದಾಗದು. ಅದನ್ನು ಕಿತ್ತು ನೆಲಮಟ್ಟದಲ್ಲಿ ಷವರ್ ಹಾಕಿಸದಿದ್ದರೆ ಅವನನ್ನು ಶುಶ್ರೂಷಾಲಯಕ್ಕೇ ಕಳಿಸುತ್ತಾರಂತೆ. ಕೊಳಾಯಿ ಕೆಲಸದವನು ನಾಳೆ ಬೆಳಗ್ಗೆ ಎಂಟಕ್ಕೆ ಬರುತ್ತಾನೆ. ನಾಳೆ ತಪ್ಪಿದರೆ ತಿಂಗಳು ಕಳೆದರೂ ಸಿಗುವವನಲ್ಲ.

ಸ್ಕಾರ್ಬರೊ ಊರಿನಲ್ಲಿ ಅವರಿದ್ದ ಮೇಲ್ಮಹಡಿಯ ಫ್ಲ್ಯಾಟ್ ತೊಂಬತ್ತೊಂಬತ್ತು ವರ್ಷದ ಗುತ್ತಿಗೆಗೆ ಎಡ್ನಾಳದೇ. ಆದರೆ ಕಟ್ಟಡವೂ ಅದರಡಿಯ ನೆಲವೂ ಕೆಳಮನೆಯ ಡೆನ್ಬಿಯವರದು. ಒಂದು ಕೊಳವೆ ಕದಲಿಸಬೇಕಾದರೂ ಅವರ ಲಿಖಿತ ಒಪ್ಪಿಗೆ ಬೇಕು, ಅದೂ ಅಂಚೆಯ ಮೂಲಕ. ಹದಿನಾಲ್ಕು ಮೆಟ್ಟಿಲು ಕೆಳಗಿರುವ ಮನುಷ್ಯನಿಗೆ ಕೆಲಸದ ದಿನವನ್ನೂ ತಿಳಿಸಿ, ಅಂಚೆಚೀಟಿ ಹಚ್ಚಿ ಕಾಗದ ಹಾಕಿ ಹನ್ನೆರಡು ದಿನವಾಗಿತ್ತು.

ಸಂಜೆ ಅವಳೇ ಇಳಿದು ಬಾಗಿಲು ತಟ್ಟಿದಳು.

"ನಿಮ್ಮ ಉತ್ತರ ಬರ್ಲೇ ಇಲ್ವಲ್ಲ, ಮಿಸ್ಟರ್ ಡೆನ್ಬಿ?"

"ನಿನ್ನೇನೇ ಪೋಸ್ಟ್ ಮಾಡಿದೀನಿ, ಮಿಸೆಸ್ ಥ್ವೇಟ್. ಎರಡನೇ ದರ್ಜೆ ಸ್ಟ್ಯಾಂಪು, ಅಗ್ಗದ್ದು, ನಿಧಾನ. ನಾಡಿದ್ದು ಬರುತ್ತೆ."

"ನಾಡಿದ್ದಾ! ಅಲ್ರೀ, ಒಂದೇ ಸೂರಿನ ಕೆಳಗಿದೀವಿ. ಬಾಯಲ್ಲಿ ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಬಾಯಿಮಾತು ನಡೆಯಲ್ಲ ಅಂತ ಕರಾರಲ್ಲೇ ಇದೆ. ನಲವತ್ತು ವರ್ಷ ವಕೀಲರ ಗುಮಾಸ್ತನಾಗಿದ್ದೋನು ನಾನೇ ತಪ್ಪಿದ್ರೆ ಹೇಗೆ?"

"ಹೂಂ ಅಂತಲೋ ಊಹೂಂ ಅಂತಲೋ, ತಲೆನಾದ್ರೂ ಅಲ್ಲಾಡಿಸಿ ಪುಣ್ಯಾತ್ಮರೇ!"

"ತಲೆ ಅಲ್ಲಾಡಿಸಿದ್ರೂ ಅದು ಉತ್ತರಾನೇ ಆಗುತ್ತಲ್ಲ."

ಎಡ್ನಾಗೆ ನಗುವೂ ಬಂತು, ಅಳುವೂ ಬಂತು. "ಸ್ವರ್ಗದ ಬಾಗಿಲಲ್ಲೂ ನೀವು ಅರ್ಜಿ ನಮೂನೆ ಕೇಳ್ತೀರಿ, ಬಿಡಿ," ಎಂದು ಮೇಲಕ್ಕೆ ಹತ್ತಿದಳು. ಕೊಳಾಯಿಯವನಿಗೆ ಬರಬೇಡವೆಂದು ತಿಳಿಸಲು ಫೋನು ಕೈಗೆತ್ತಿಕೊಂಡಳು. ನಂಬರು ಒತ್ತುವಷ್ಟರಲ್ಲಿ ಯಾರೋ ಬಾಗಿಲು ಬಡಿದರು.

ಡೆನ್ಬಿ ಏದುಸಿರು ಬಿಡುತ್ತ ನಿಂತಿದ್ದರು. ಕೈಯಲ್ಲಿ ಬಟ್ಟೆ ಸುತ್ತಿದ ಅಗಲದ ತಟ್ಟೆ, ಅದರಲ್ಲಿ ಇಬ್ಬರಿಗೆ ಸಾಲುವಷ್ಟು ಮಾಂಸದ ಪೈ. ಅವಳ ಮುಖ ನೋಡದೆಯೇ ಮೆಲ್ಲನೆ ಅದನ್ನು ಅವಳ ಕೈಗಿಟ್ಟರು.

"ನಾಳೆಗೆ, ನಿಮಗೂ ಕೊಳಾಯಿಯವನಿಗೂ. ನಿಮ್ಮ ಮನೇಲಿ ಸಂಜೆವರೆಗೂ ನಲ್ಲಿ ನೀರು ನಿಲ್ಲಿಸಿರ್ತಾರಲ್ಲ, ಅಡುಗೆ ಮಾಡೋಕಾಗಲ್ಲ."