ಇದನ್ನ ಹೇಳಿದ್ದು ಯಾರು?

"ಹೌದು, ಗೋದಾಮಿನ ಬೀಗ ಒಡೆದದ್ದು ನನ್ನ ತಮ್ಮನೇ. ಕಣ್ಣಾರೆ ನೋಡಿದೀನಿ" ಎಂದು ಸಾಕ್ಷಿ ಗಟ್ಟಿಯಾಗಿ ಹೇಳಿದ. ಕಟಕಟೆಯ ಬುಡದಲ್ಲೇ ಕೂತಿದ್ದ ಬೆರಳಚ್ಚುಗಾರ್ತಿ, ಕೋರ್ಟಿನವರ ಬಾಯಲ್ಲಿ ಟೈಪಮ್ಮ, ಅದನ್ನು ಬಡಿದು ಮುಗಿಸುವಷ್ಟರಲ್ಲಿ ಇನ್ನೊಂದು ಮಾತು ಬಂತು, ತೀರಾ ಸಣ್ಣಗೆ: "ನೋಡ್ಲಿಲ್ಲ." ಅವಳ ಬೆರಳುಗಳು ಅಲ್ಲೇ ನಿಂತವು.

ರಜೆ ಮುಗಿಸಿ ಬಂದು ಇವತ್ತು ಮೊದಲ ದಿನ. ನಾಲ್ಕು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು, ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ "ಇವನು ಸುಳ್ಳು ಹೇಳ್ತಿದಾನೆ, ನೀನು ಸುಮ್ಮನಿದೀಯಾ?" ಎಂಬ ಸಾಲನ್ನು ಅಚ್ಚುಕಟ್ಟಾಗಿ ಸೇರಿಸಿದ್ದಳು. ನ್ಯಾಯಾಧೀಶರು ಓದಿ, "ಇದನ್ನ ಹೇಳಿದ್ದು ಯಾರು?" ಎಂದರು. ಯಾರೂ ಅಲ್ಲ. ಎದುರು ಕಕ್ಷಿಯ ವಕೀಲರು ಮಾತ್ರ, ಬೇಕಿದ್ದರೆ ತಾವೇ ಹೇಳಿದ್ದೆಂದು ಒಪ್ಪಿಕೊಳ್ಳಲು ತಯಾರಿದ್ದರು.

ಸ್ಕಿಜೋಫ್ರೇನಿಯಾ ಎಂದ ಡಾಕ್ಟರು ಅವಳ ಕಚೇರಿಯ ಭಾಷೆಯಲ್ಲೇ ಬಿಡಿಸಿ ಹೇಳಿದ್ದರು. "ಎಲ್ಲರ ಮಿದುಳೂ ಒಳಗೊಳಗೇ ಗೊಣಗುತ್ತೆ ನೋಡಿ. ಒಂದು ಭಾಗ ಗೊಣಗಿದರೆ ಇನ್ನೊಂದು ಭಾಗ 'ಇದು ನಮ್ಮದೇ' ಅಂತ ಗುರುತು ಹಾಕುತ್ತೆ. ನಿಮ್ಮಲ್ಲಿ ಆ ಎರಡರ ನಡುವಿನ ದಾರಿ ಕೆಟ್ಟಿದೆ. ಮನೆಯ ಮಾತೇ ಹೊರಗಿಂದ ಬಂದ ಹಾಗೆ ಕೇಳುತ್ತೆ. ಸಾಲದ್ದಕ್ಕೆ ಮಿದುಳಿನ ಡೋಪಮಿನ್ ರಾಸಾಯನಿಕ ಅನ್ನೋ ಗುಮಾಸ್ತ ಬಂದ ಕಾಗದಕ್ಕೆಲ್ಲ 'ತುರ್ತು' ಅಂತ ಸೀಲು ಒತ್ತುತ್ತಾ ಕೂತಿದಾನೆ. ಮಾತ್ರೆ ಅವನ ಕೈ ತಡೆಯುತ್ತೆ, ಅಷ್ಟೇ. ಕಾಗದ ಆಮೇಲೂ ಒಂದೊಂದು ಬರಬಹುದು."

ಈಗ ಬಂದದ್ದು ಅಂಥ ಕಾಗದವೋ, ಸಾಕ್ಷಿಯ ಬಾಯಿಂದಲೇ ಬಿದ್ದದ್ದೋ? ಸೀಲಂತೂ ಇರಲಿಲ್ಲ. ಆದರೆ ಮಾತ್ರೆ ಶುರುವಾದಂದಿನಿಂದ ಮನೆಯಲ್ಲಿ ಅಕ್ಕನ ನಿಜವಾದ ಬೈಗುಳಕ್ಕೂ ಸೀಲು ಬಿದ್ದಿರಲಿಲ್ಲ. ಬರೆದು ತಪ್ಪಾದರೆ ನಾಳೆಯಿಂದ ತನಗೆ ಹಳೇ ಕಡತಗಳ ಕೋಣೆ, ಧೂಳು, ಜಿರಲೆ. ಬಿಟ್ಟು ತಪ್ಪಾದರೆ ಆ ತಮ್ಮನಿಗೆ ಜೈಲು.

ಟೈಪಮ್ಮ ಎದ್ದು ನಿಂತಳು. "ಸ್ವಾಮಿ, ಸಾಕ್ಷಿ ಆಮೇಲೆ ಇನ್ನೇನೋ ಅಂದ ಹಾಗಾಯ್ತು. ಅಂದ್ರಾ, ಇಲ್ಲಾ ನನಗೊಬ್ಬಳಿಗೇ ಕೇಳಿಸ್ತಾ?"

"ಮತ್ತೆ ಶುರುವಾಯ್ತಾ ಟೈಪಮ್ಮ?" ಸಾಕ್ಷಿಯನ್ನು ಪ್ರಶ್ನಿಸುತ್ತಿದ್ದ ವಕೀಲರು ನಕ್ಕರು. "ನಮ್ಮ ಕಿವಿಗೆ ಮಾತ್ರೆ ಕೊಡಿಸಬೇಕೇನೋ!"

ನ್ಯಾಯಾಧೀಶರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನು ಕೇಳಿಸಿತಮ್ಮ?"

"'ನೋಡ್ಲಿಲ್ಲ' ಅಂತ, ಸ್ವಾಮಿ."

ಎಲ್ಲರೂ ಕಟಕಟೆಯತ್ತ ತಿರುಗಿದರು. ಸಾಕ್ಷಿಯ ಮುಖ ಬಿಳಿಚಿಕೊಂಡಿತ್ತು. ಅವನು ಮೆಲ್ಲಗೆ ತನ್ನ ತುಟಿ ಮುಟ್ಟಿ ನೋಡಿಕೊಂಡ.

"ನಾನು ಮನಸ್ಸಲ್ಲೇ ಅಂದ್ಕೊಂಡಿದ್ದು ಸ್ವಾಮಿ" ಎಂದ. "ಹೊರಗೆ ಬಂದ್ಬಿಡ್ತಾ?"