ಗೂಬೆಯ ಕಾವಲು

ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಫುಟ್‌ಬಾಲ್ ತಂಡವೊಂದರ ಅಭಿಮಾನಿ ಬಳಗ ಸೇರಲು ಹೋದೆ. ಎದುರಾಳಿಯನ್ನು ಛೇಡಿಸುವ ಹಾಡೊಂದನ್ನು ಕಟ್ಟಿ ಹಾಡಿದವರಿಗೇ ಅಲ್ಲಿ ಜಾಗ.

“ಗಮಕದ ಮೇಷ್ಟ್ರು ನೀವು, ಬಿಡಿ ಒಂದು!” ಎಂದ, ಪಂದ್ಯದ ದಿನ ಬಳಗದ ಡೋಲು ಬಾರಿಸುತ್ತಿದ್ದ ವಿನ್ಸೆಂಟ್.

ದನಿ ಎತ್ತಿ ಹಾಡಿದೆ: “ಗೋಲಿನ ಮುಂದೆ ಗೂಬೆಯ ಕಾವಲು, ಹೊಡೆದದ್ದೆಲ್ಲಾ ಬಲೆಯೊಳಗೆ!”

ಇಡೀ ಗ್ಯಾಲರಿ ಅದನ್ನೇ ಕೂಗಿತು. ಎದುರಾಳಿ ಗೋಲ್‌ಕೀಪರ್ ತಡವರಿಸಿ ಎರಡು ಗೋಲು ಬಿಟ್ಟ. ಯಾರೋ ನನ್ನ ಹೆಗಲಿಗೆ ತಂಡದ ಶಾಲು ಹೊದಿಸಿದರು. ಇಷ್ಟು ಜನ ನನ್ನವರಾದರೆಂದು ಕಣ್ಣು ತುಂಬಿತು.

ಆಟ ಮುಗಿದ ಮೇಲೆ ಆ ಗೋಲ್‌ಕೀಪರ್ ನೇರ ಬೇಲಿಯ ಬಳಿಗೆ ಬಂದು, ಗ್ಲೌಸ್ ಕಳಚಿ, ನನಗೆ ಕೈ ಮುಗಿದ.

“ದನಿ ಕೇಳಿ ನೀವೇ ಅನ್ಕೊಂಡೆ, ಸಾರ್. ಸ್ಕೂಲಲ್ಲಿ ನನ್ನನ್ನ ಗೂಬೆ ಅಂದೋರ ಕಿವಿ ಹಿಂಡ್ತಿದ್ದೋರು ನೀವೊಬ್ರೇ.”