ಟಿಣ್ ಎಂದ ಬಟ್ಟಲು

ಜ್ವರ ಬಿಟ್ಟರೂ ಚಂಗಪ್ಪನ ಮೂಗಿಗೆ ವಾಸನೆ ತಿಳಿಯುವ ಶಕ್ತಿ ಮರಳಲೇ ಇಲ್ಲ. ಕಾಫಿ ಸಂಶೋಧನಾಲಯದಲ್ಲಿ ರುಚಿ ನೋಡಿ ತೀರ್ಪು ಹೇಳುವವನಿಗೇ ಈಗ ಕಾಫಿ ಬರೀ ಬಿಸಿನೀರು. ಈ ಗುಟ್ಟನ್ನು ಹೇಳಿಕೊಂಡದ್ದು ಸಹಾಯಕಿ ದೇಚಮ್ಮನ ಹತ್ತಿರ ಮಾತ್ರ.

"ಯೋಚ್ನೆ ಬಿಡಿ ಸಾರ್, ಇನ್ಮೇಲೆ ನಿಮ್ಮ ಮೂಗು ನಾನೇ," ಎಂದಿದ್ದಳು.

ಅಂದಿನಿಂದ ಒಳ್ಳೆಯ ಕಾಫಿಯ ಬಟ್ಟಲಿಗೆ ಅವಳು ಮೆಲ್ಲಗೆ ಚಮಚ ತಾಗಿಸುವಳು. ಆ ಸದ್ದು ಕೇಳಿ ಅವನು ತೀರ್ಪು ಹೇಳುವನು.

ಇಂದು ಹೊಸ ತಳಿಯ ಪರೀಕ್ಷೆಗೆ ನಿರ್ದೇಶಕರೇ ಬಂದು ಕೂತರು. ದೇಚಮ್ಮ ಮೂರು ಬಟ್ಟಲು ಇಟ್ಟಳು. ಎರಡನೆಯದು ಟಿಣ್ ಎಂದಿತು.

ಚಂಗಪ್ಪ ಮೂರನ್ನೂ ಸೊರ್ರನೆ ಹೀರಿದ. "ಎರಡನೇದೇ ಸಾರ್. ಏನು ಘಮ! ಉಳಿದೆರಡು ಸಪ್ಪೆ."

ನಿರ್ದೇಶಕರು ಅವಳ ಕಡೆ ತಿರುಗಿದರು. "ಮೂರಕ್ಕೂ ಒಂದೇ ಕಾಫಿ ಬಗ್ಗಿಸಿದ್ರೂ ಇವರಿಗೆ ಗೊತ್ತಾಗ್ಲಿಲ್ಲ. ನೀವು ಹೇಳಿದ್ದು ನಿಜಾನೇ, ದೇಚಮ್ಮ."